ಆಟದ ಕಾರು ಮಾರಿ ಬಂದ ದುಡ್ಡಲ್ಲಿ ನಾನು ಕೊಂಡದ್ದು

ಹಾಟ್ ವೀಲ್ಸ್ ಕಾರು ಕೊಂಡು ಮಾರುತ್ತೇನೆ ಅಂದರೆ ಕಾರವಾರದಲ್ಲಿ ಎಲ್ಲರೂ ಕೇಳುವುದು ಒಂದೇ: ಎಷ್ಟು ಉಳಿಯುತ್ತದೆ? ಉಳಿದದ್ದನ್ನು ಏನು ಮಾಡುತ್ತೀರಿ ಅಂತ ಯಾರೂ ಕೇಳುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಈ ಎರಡನೆಯ ಪ್ರಶ್ನೆ. ಈ ಹವ್ಯಾಸದವರು ಯಾವ ಕಾರು ಮಾರುತ್ತಾರೆ ಅನ್ನುವುದರಿಂದ ಅವರ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಮಾರಿದ ದುಡ್ಡಲ್ಲಿ ಏನು ಕೊಳ್ಳುತ್ತಾರೆ ನೋಡಿ, ಆಗ ಮನುಷ್ಯ ಯಾರು ಅಂತ ಗೊತ್ತಾಗುತ್ತದೆ.

ನಾನು ಕಾರವಾರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸಂಬಳ ಮನೆಗೆ ಹೋಗುತ್ತದೆ. ಕಾರು ಮಾರುವುದಕ್ಕೆ ಶುರು ಮಾಡಿದಾಗಲೇ ಒಂದು ವಿಷಯ ತೀರ್ಮಾನ ಮಾಡಿಕೊಂಡೆ. ಈ ದುಡ್ಡಿಗೆ ಬೇರೆ ಖಾತೆ, ಬೇರೆ ನೋಟ್‌ಬುಕ್. ಸಂಬಳದ ದುಡ್ಡು ಅಲ್ಲಿಗೆ ಹೋಗಬಾರದು, ಅಲ್ಲಿನದು ಇಲ್ಲಿಗೆ ಬರಬಾರದು. "ಸಿಲಿಂಡರಿಗಾದ್ರೂ ಅದ್ರಿಂದ ಕೊಡೇ" ಅಂತ ಅಮ್ಮ ಮೊದಮೊದಲು ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. ಮನೆಗೆ ಬೇಕಾದದ್ದನ್ನು ಸಂಬಳದಿಂದಲೇ ಕೊಟ್ಟೆ. ಆಟಿಕೆಯಿಂದ ಬಂದದ್ದು ಆಟಿಕೆಗೇ ಹೋಗಬೇಕು ಅನ್ನುವುದು ನನ್ನ ಹಟ.

ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಶುರು ಮಾಡಿದ್ದು 1968ರಲ್ಲಿ. ನಿಜವಾದ ಕಾರಿನ ಅರವತ್ನಾಲ್ಕನೇ ಒಂದು ಪಾಲಿನಷ್ಟು ದೊಡ್ಡದು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು. ಅಂಗಡಿಯಲ್ಲಿ ಕೊಕ್ಕೆಗೆ ನೇತುಹಾಕಿರುವ ಸಾಮಾನ್ಯ ಕಾರನ್ನು ನಾವು ಮೇನ್‌ಲೈನ್ ಅನ್ನುತ್ತೇವೆ. ಅದಕ್ಕೆ ಇನ್ನೂರು ರೂಪಾಯಿಯ ಒಳಗೇ ಬೆಲೆ. ಇವುಗಳ ನಡುವೆಯೇ ಕಂಪನಿ ಕೆಲವು ವಿಶೇಷ ಕಾರು ಸೇರಿಸಿ ಕಳಿಸುತ್ತದೆ. ಅವಕ್ಕೆ ಟ್ರೆಷರ್ ಹಂಟ್ ಅಂತ ಹೆಸರು. 1995ರಲ್ಲಿ ಮೊದಲ ಸಲ ಬಂದಾಗ ಹನ್ನೆರಡು ಮಾದರಿ, ಒಂದೊಂದರಲ್ಲೂ ಹತ್ತು ಸಾವಿರ ಮಾತ್ರ. 2007ರಿಂದ ಸೂಪರ್ ಟ್ರೆಷರ್ ಹಂಟ್ ಅಂತ ಅದಕ್ಕೂ ಮೇಲಿನದು ಬಂತು. ಸೂಪರ್ ಆದರೆ ಒಳಗಿನಿಂದ ಹೊಳೆಯುವ ಸ್ಪೆಕ್ಟ್ರಾಫ್ಲೇಮ್ ಬಣ್ಣ ಇರುತ್ತದೆ, ಪ್ಲಾಸ್ಟಿಕ್ ಚಕ್ರದ ಬದಲು ರಬ್ಬರ್ ಟೈರ್ ಇರುತ್ತದೆ, ಕಾರಿನ ಮೈಮೇಲೆ ಎಲ್ಲೋ ಒಂದು ಕಡೆ ಟಿ, ಎಚ್ ಅನ್ನುವ ಎರಡು ಅಕ್ಷರ ಇರುತ್ತವೆ. ಬೆಲೆ ಮಾತ್ರ ಪಕ್ಕದ ಕಾರಿನದೇ. ಗೊತ್ತಿಲ್ಲದವರು ಅದನ್ನೂ ಇನ್ನೂರರ ಒಳಗೇ ಕೊಂಡುಹೋಗುತ್ತಾರೆ. ಗೊತ್ತಿರುವವರು ಅದಕ್ಕೇ ಕಾಯುತ್ತಾರೆ. ಕೈ ಬದಲಾದರೆ ಸಾವಿರಗಳಲ್ಲಿ ಮಾತು.

ನನಗೆ ಸೂಪರ್ ಸಿಕ್ಕಿದ್ದು ಅಪರೂಪ. ನನ್ನ ಲಾಭ ಬಂದದ್ದೆಲ್ಲ ಮುಕ್ಕಾಲು ಪಾಲು ಜಪಾನಿ ಕಾರುಗಳಿಂದ. ಸ್ಕೈಲೈನ್, ಸುಪ್ರಾ, ಸಿವಿಕ್. ಬೆಂಗಳೂರು, ಪುಣೆ ಹುಡುಗರಿಗೆ ಇವು ಎಷ್ಟಿದ್ದರೂ ಸಾಲುವುದಿಲ್ಲ. ಅಲ್ಲಿ ಕೊಕ್ಕೆಗೆ ಬಂದ ಗಂಟೆಯಲ್ಲೇ ಖಾಲಿ. ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಅವು ವಾರಗಟ್ಟಲೆ ಸುಮ್ನೆ ನೇತಾಡುತ್ತಿರುತ್ತವೆ. ಕಾರವಾರದ ಎರಡು ಮೂರು ಅಂಗಡಿ, ಅಂಕೋಲೆ, ಕುಮಟೆ, ಶಿರಸಿಯ ಪುಸ್ತಕದಂಗಡಿಗಳು, ರಜೆಯ ದಿನ ರೈಲಲ್ಲಿ ಮಡಗಾಂವ್. ಯಾವಾಗಲಾದರೊಮ್ಮೆ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ. ನನ್ನ ಸುತ್ತು ಇಷ್ಟೇ.

ಇಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಒಂದೇ ಕಾರು ಎರಡಕ್ಕಿಂತ ಜಾಸ್ತಿ ನಾನು ಎತ್ತುವುದಿಲ್ಲ. ಒಂದು ಇಟ್ಟುಕೊಳ್ಳಲು, ಒಂದು ಮಾರಲು. ಕೊಕ್ಕೆಯಲ್ಲಿ ಐದಿದ್ದರೆ ಮೂರು ಅಲ್ಲೇ ಇರಬೇಕು. ಆ ಸಂಜೆ ಯಾವುದೋ ಮಗು ಅಪ್ಪನ ಕೈಹಿಡಿದು ಬರುತ್ತದೆ. ಅದಕ್ಕೆ ಉಳಿದ ಹಸಿರು ಡಂಪರ್ ಮಾತ್ರ ಸಿಕ್ಕರೆ ಆಟಿಕೆ ಅಂಗಡಿ ಇದ್ದು ಏನು ಪ್ರಯೋಜನ? ಪೆಟ್ಟಿಗೆ ಒಡೆಯುವ ಮೊದಲೇ ಅಂಗಡಿಯವರಿಗೆ ದುಡ್ಡು ಕೊಟ್ಟು ಇಡೀ ಪೆಟ್ಟಿಗೆ ಮನೆಗೆ ಒಯ್ಯುವವರಿದ್ದಾರೆ. ಅವರ ಲಾಭ ನನಗಿಂತ ಹತ್ತು ಪಟ್ಟು ಇರಬಹುದು. ಆ ದುಡ್ಡಲ್ಲಿ ಅವರು ಕೊಳ್ಳುವುದು ಇನ್ನೊಂದು ಪೆಟ್ಟಿಗೆ. ಅದಕ್ಕೆ ಕೊನೆಯೇ ಇಲ್ಲ. ಅದನ್ನು ನಾನು ಹವ್ಯಾಸ ಅನ್ನುವುದಿಲ್ಲ.

ಮಾರುವ ಕಡೆಯ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಫೋಟೋ ಹಾಕಬೇಕು. ಕಾರು ಅಂಟಿಸಿರುವ ರಟ್ಟಿನ ಕಾರ್ಡಿನ ಮೂಲೆ ಮಡಚಿದ್ದರೆ ಅದನ್ನೂ ತೋರಿಸಬೇಕು. ಮೊದಲು ಕೇಳಿದವರಿಗೆ ಮೊದಲು. ಪ್ಲಾಸ್ಟಿಕ್ ಪ್ರೊಟೆಕ್ಟರ್‌ನಲ್ಲಿ ಹಾಕಿ, ಬಬಲ್ ಸುತ್ತಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸ್ಪೀಡ್ ಪೋಸ್ಟ್. ಒಂದು ಖಾಸಗಿ ಕೊರಿಯರ್‌ನವರು ನನ್ನ ಎರಡು ಪೆಟ್ಟಿಗೆ ಚಪ್ಪಟೆ ಮಾಡಿ ತಲುಪಿಸಿದ ಮೇಲೆ ಅಂಚೆ ಕಚೇರಿಯನ್ನೇ ನಂಬಿದ್ದೇನೆ. ಕೊಂಡ ಬೆಲೆ, ಪ್ಯಾಕಿಂಗ್, ಅಂಚೆ, ಬಸ್ಸಿನ ಟಿಕೆಟ್ ಎಲ್ಲ ಕಳೆದರೆ ಒಂದು ಒಳ್ಳೆಯ ಸ್ಕೈಲೈನ್‌ನಲ್ಲಿ ನಾನೂರು ಐನೂರು ಉಳಿಯುತ್ತದೆ. ಬಸ್ಸಿನ ಟಿಕೆಟ್ ಕಳೆಯದೆ ಲೆಕ್ಕ ಹಾಕುವವರು ಬಹಳ. ಅವರ ಲಾಭ ಬರೀ ಬಾಯಿಮಾತಿನದು.

ನಮ್ಮ ಜಿಲ್ಲೆಯಲ್ಲಿ ಈ ಹುಚ್ಚಿನವರು ಹತ್ತಿಪ್ಪತ್ತು ಜನ ಪರಿಚಯದಲ್ಲಿದ್ದೇವೆ. ಹೊನ್ನಾವರದ ಒಬ್ಬ ಹುಡುಗ ಲಾಭದಲ್ಲಿ ಮ್ಯಾಕ್ರೋ ಲೆನ್ಸ್ ಕೊಂಡ. ಈಗ ಬೆಳಿಗ್ಗೆ ಕಡಲ ದಂಡೆಯಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿ ಎರಡಿಂಚಿನ ಜೀಪಿನ ಫೋಟೋ ತೆಗೆಯುತ್ತಾನೆ. ಆ ಫೋಟೋದಲ್ಲಿ ಮರಳು ಮರುಭೂಮಿಯ ಹಾಗೆ ಕಾಣುತ್ತದೆ. ದಾಂಡೇಲಿಯ ಒಬ್ಬರು ಮಗಳಿಗೆ ಗೇರ್ ಸೈಕಲ್ ಕೊಡಿಸಿದರು. ಕುಮಟೆಯ ಒಬ್ಬರು ಇನ್ನೂ ದುಬಾರಿಯ ಮಿನಿ ಜಿಟಿ ಕಾರುಗಳಿಗೆ ಏರಿದರು. ಭಟ್ಕಳದ ಒಬ್ಬರ ಕೆಲಸ ಹೋಗಿದ್ದಾಗ ತಮ್ಮ ಸಂಗ್ರಹದ ಅರ್ಧ ಮಾರಿ ಶಾಲೆ ಫೀಸು ಕಟ್ಟಿದರು. ಅವರ ಬಗ್ಗೆ ನನಗೆ ತುಂಬ ಗೌರವ. ನನ್ನ ನಿಯಮ ನನ್ನ ಸಂಬಳ ನಿಂತಿಲ್ಲ ಅನ್ನುವ ಕಾರಣಕ್ಕೆ ನಡೆಯುತ್ತಿದೆ ಅಂತ ನನಗೆ ಗೊತ್ತು.

ನನ್ನ ಲಾಭದ ಮೊದಲ ದೊಡ್ಡ ಖರೀದಿ ಆಟಿಕೆಯೇ ಅಲ್ಲ. ಗಾಳಿಯಿಂದ ನೀರು ಹೀರುವ ಯಂತ್ರ.

ಕರಾವಳಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಎಲ್ಲದಕ್ಕೂ ಬೂಷ್ಟು. ನಮ್ಮ ಮನೆ ಕೋಡಿಬಾಗ ಕಡೆ. ಒಂದು ಕಡೆ ಕಾಳಿ ನದಿ, ಒಂದು ಕಡೆ ಸಮುದ್ರ. ಮಳೆಗಾಲದಲ್ಲಿ ತೇವದ ಮೀಟರ್ ಇಟ್ಟರೆ ಶೇಕಡಾ ತೊಂಬತ್ತರ ಕೆಳಗೆ ಇಳಿಯುವುದೇ ಅಪರೂಪ. ಹಾಟ್ ವೀಲ್ಸ್ ಅನ್ನುವುದು ರಟ್ಟಿನ ಕಾರ್ಡಿಗೆ ಅಂಟಿಸಿದ ಪ್ಲಾಸ್ಟಿಕ್ ಗುಳ್ಳೆಯ ಒಳಗಿನ ಕಾರು. ಕಾರ್ಡ್ ಸಹಿತ ಇದ್ದರೇ ಬೆಲೆ. ತೇವಕ್ಕೆ ಮೊದಲು ಕಾರ್ಡು ದೋಣಿಯ ಹಾಗೆ ಬಾಗುತ್ತದೆ. ಆಮೇಲೆ ಹಿಂಬದಿಯಲ್ಲಿ ಕಂದು ಚುಕ್ಕೆ. ಆಮೇಲೆ ಗುಳ್ಳೆಯ ಅಂಟು ಬಿಡುತ್ತದೆ. ಇನ್ನು ಉಪ್ಪುಗಾಳಿ ಚಕ್ರದ ಕಬ್ಬಿಣದ ಕಡ್ಡಿಗೆ ತುಕ್ಕು ಹಿಡಿಸುತ್ತದೆ. ಬೆಂಗಳೂರಿನವರು ಕಾರನ್ನು ಗೋಡೆಗೆ ನೇತುಹಾಕಿ ಹತ್ತು ವರ್ಷ ಮರೆಯಬಹುದು. ನಮಗೆ ಆ ಸೌಭಾಗ್ಯ ಇಲ್ಲ.

ಮೊದಲು ಸಿಲಿಕಾ ಜೆಲ್ ಬಳಸುತ್ತಿದ್ದೆ. ಒಣಗಿದ್ದಾಗ ನೀಲಿ, ನೀರು ಕುಡಿದ ಮೇಲೆ ಗುಲಾಬಿ ಆಗುವ ಹರಳು. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಇದು ಸಾಕು. ಇಡೀ ಕಪಾಟಿಗೆ ಸಾಲದು. ಜುಲೈಯಲ್ಲಿ ದಿನ ಬಿಟ್ಟು ದಿನ ಹಂಚು ಇಡಬೇಕಾಗುತ್ತಿತ್ತು. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬಾರದು. ಅದಕ್ಕೇ ಬೇರೆ ಹಂಚು ಇಟ್ಟುಕೊಳ್ಳಿ.

ಯಂತ್ರದಲ್ಲಿ ಎರಡು ಬಗೆ. ಒಂದು ಸಣ್ಣದು, ಸದ್ದಿಲ್ಲದ್ದು, ಮೂರು ನಾಲ್ಕು ಸಾವಿರಕ್ಕೆ ಸಿಗುವಂಥದ್ದು. ಅದು ನಮ್ಮ ಕರಾವಳಿಯ ಮಳೆಗೆ ಏನೂ ಅಲ್ಲ. ಇನ್ನೊಂದು ಫ್ರಿಜ್ಜಿನಲ್ಲಿರುವಂತೆ ಕಂಪ್ರೆಸರ್ ಇರುವುದು. ನಾನು ಕೊಂಡದ್ದು ಅದು. ಹದಿನೆಂಟು ಸಾವಿರ ಚಿಲ್ಲರೆ. ನೋಟ್‌ಬುಕ್ಕಿನಲ್ಲಿ ಕೂಡಿಟ್ಟದ್ದೆಲ್ಲ ಒಂದೇ ಸಾಲಿನಲ್ಲಿ ಖಾಲಿ. "ಇಷ್ಟು ಕಾರು ಮಾರಿ ನೀರು ತುಂಬೋ ಡಬ್ಬ ತಂದ್ಯಾ?" ಅಂತ ಅಣ್ಣ ಕೇಳಿದ. ಮೊದಲ ರಾತ್ರಿ ಓಡಿಸಿ ಬೆಳಿಗ್ಗೆ ಟ್ಯಾಂಕ್ ತೆಗೆದು ಅವನ ಮುಂದೆಯೇ ಬಚ್ಚಲಿಗೆ ಸುರಿದೆ. ದೊಡ್ಡ ತಂಬಿಗೆಯಲ್ಲಿ ಹಿಡಿಯುವಷ್ಟು ನೀರು. ಅದೆಲ್ಲ ಒಂದು ಸಣ್ಣ ಕೋಣೆಯ ಗಾಳಿಯಲ್ಲಿ ಇದ್ದದ್ದು. ಆಮೇಲೆ ಅವನೇ ತನ್ನ ಕ್ಯಾಮೆರಾ ತಂದು ಆ ಕೋಣೆಯಲ್ಲಿ ಇಟ್ಟ. ತೇವ ಐವತ್ತರ ಆಸುಪಾಸಿನಲ್ಲಿ ನಿಂತರೆ ಕಾರ್ಡೂ ನೆಟ್ಟಗಿರುತ್ತದೆ, ಲೋಹಕ್ಕೂ ತುಕ್ಕು ಹಿಡಿಯುವುದಿಲ್ಲ. ತೀರಾ ಒಣಗಿಸಬಾರದು, ಕಾರ್ಡು ಪೆಡಸಾಗುತ್ತದೆ.

ಅದರ ಜೊತೆಗೆ ಕಪಾಟು. ಪರಿಚಯದ ಬಡಗಿ ಹಲಸಿನ ಹಲಗೆಯಲ್ಲಿ ಚೆಂದ ಮಾಡಿಕೊಡುತ್ತೇನೆ ಅಂದರು. ಆಸೆ ಆಯಿತು, ಆದರೆ ಬೇಡ ಅಂದೆ. ಹೊಸ ಮರ, ಪ್ಲೈವುಡ್, ಅದರ ಅಂಟು ಇವುಗಳಿಂದ ಹುಳಿ ಆವಿ ಹೊರಡುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಸೀಸಕ್ಕೂ ಸತುವಿಗೂ ಒಳ್ಳೆಯದಲ್ಲ. ಆಟದ ಕಾರಿನ ಮೈ ಮುಖ್ಯವಾಗಿ ಸತುವಿನ ಮಿಶ್ರಲೋಹ. ಮ್ಯೂಸಿಯಂ ಕೆಲಸ ಬಲ್ಲವರು ಇದನ್ನು ಬಹಳ ಎಚ್ಚರದಿಂದ ನೋಡುತ್ತಾರೆ. ಅದಕ್ಕೇ ಅಲ್ಯುಮಿನಿಯಂ ಚೌಕಟ್ಟು, ಗಾಜಿನ ಬಾಗಿಲು, ಅಂಚಿಗೆ ರಬ್ಬರ್ ಬೀಡಿಂಗ್. ಕಿಟಕಿ ಮಾಡುವವರೇ ಮಾಡಿಕೊಟ್ಟರು. ನೋಡಲು ಸಾದಾ. ಒಳಗಿರುವುದು ಸುರಕ್ಷಿತ.

ಇಷ್ಟಾದ ಮೇಲೆ ಖಾತೆಯಲ್ಲಿ ಮತ್ತೆ ದುಡ್ಡು ಸೇರತೊಡಗಿತು. ಈಗ ಏನು ಕೊಳ್ಳುವುದು? ಇಲ್ಲೇ ನನ್ನ ಮನಸ್ಸು ತಿರುಗಿದ್ದು.

ವಿದೇಶದಿಂದ ಅಪರೂಪದ್ದನ್ನು ತರಿಸೋಣ ಅಂತ ಮೊದಲು ಲೆಕ್ಕ ಹಾಕಿದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಅದರ ಮೇಲೆ ತೆರಿಗೆ, ಸಾಗಣೆ. ಜೊತೆಗೆ 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್, ಅಂದರೆ ಸರ್ಕಾರದ ಗುಣಮಟ್ಟದ ಗುರುತು ಕಡ್ಡಾಯ. ಹೊರಗಿನದ್ದು ನನ್ನ ನೋಟ್‌ಬುಕ್ಕಿಗೆ ದೂರದ ಮಾತಾಯಿತು. ಹಾಗಂತ ಬೇಸರ ಆಗಲಿಲ್ಲ. ಯಾಕೆಂದರೆ ಆ ಲೆಕ್ಕ ಹಾಕುವಾಗಲೇ ಹೊರದೇಶದ ಸಂಗ್ರಹಕಾರರು ನಮ್ಮ ದೇಶದ ಆಟಿಕೆಗೆ ಕೊಡುವ ಬೆಲೆ ಕಣ್ಣಿಗೆ ಬಿತ್ತು.

1980ರ ದಶಕದಲ್ಲಿ ಲಿಯೋ ಅನ್ನುವ ಹೆಸರಿನಲ್ಲಿ ಮ್ಯಾಟೆಲ್ ಜೊತೆ ಸೇರಿ ಹಾಟ್ ವೀಲ್ಸ್ ಇಲ್ಲೇ ತಯಾರಾಗುತ್ತಿತ್ತು. ಅಚ್ಚು ಅವರದು, ಬಣ್ಣ ನಮ್ಮದು. ಅಮೆರಿಕದಲ್ಲಿ ಎಂದೂ ಬಾರದ ಬಣ್ಣಗಳಲ್ಲಿ ಆ ಕಾರುಗಳಿವೆ. ಅದಕ್ಕೇ ಅವರಿಗೆ ಅಷ್ಟು ಆಸೆ. ಟೈರಿನ ಎಂಆರ್‌ಎಫ್‌ನವರ ಆಟಿಕೆ ಕಂಪನಿ ಫನ್‌ಸ್ಕೂಲ್ ಶುರುವಾದದ್ದು 1987ರಲ್ಲಿ. ಅವರು ಅಮೆರಿಕದ ಹ್ಯಾಸ್‌ಬ್ರೋ ಕಂಪನಿಯ ಜಿ.ಐ. ಜೋ ಅನ್ನುವ ಸೈನಿಕ ಗೊಂಬೆಗಳನ್ನು ಇಲ್ಲೇ ತಯಾರಿಸಿದರು. ಒಂದು ಕಾರ್ಖಾನೆ ಇರುವುದು ಗೋವಾದ ಕೊರ್ಲಿಮ್‌ನಲ್ಲಿ. ಕಾರವಾರದಿಂದ ಎಷ್ಟು ಹತ್ತಿರ, ಅಲ್ವಾ? ಅಲ್ಲಿಂದ ಬಂದ ಗೊಂಬೆಗೆ ಇವತ್ತು ಅಮೆರಿಕದವರು ಪರದಾಡುತ್ತಾರೆ. ನಾವು ಅದನ್ನು ಮಕ್ಕಳು ದೊಡ್ಡವರಾದ ಕೂಡಲೇ ಗುಜರಿಗೆ ಹಾಕಿದೆವು.

ಇವಕ್ಕೂ ಹಿಂದಿನದು ನಿಕಿ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮೆಕಾನೊ ಕಂಪನಿ ಡಿಂಕಿ ಅನ್ನುವ ಆಟದ ಕಾರು ಮಾಡುತ್ತಿತ್ತು. ಅದರ ಕೆಲವು ಹಳೆಯ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತಾಕ್ಕೆ ಬಂದವು. ಅದೇ ಅಚ್ಚಿನಲ್ಲಿ ಡಿಂಕಿಯ ಬದಲು ನಿಕಿ ಅನ್ನುವ ಹೆಸರಿನಲ್ಲಿ ನಮ್ಮ ದೇಶದಲ್ಲೇ ಕಾರು ತಯಾರಾಯಿತು. ಲಿವರ್‌ಪೂಲ್‌ನ ಕಾರ್ಖಾನೆ 1979ರಲ್ಲಿ ಮುಚ್ಚಿತು. ಡಿಂಕಿಯ ಬಗ್ಗೆ ಎಷ್ಟು ಬೇಕಾದರೂ ಮಾಹಿತಿ ಸಿಗುತ್ತದೆ. ನಿಕಿಯ ಬಗ್ಗೆ ನಮ್ಮಲ್ಲೇ ಕೇಳಿದವರು ಕಡಿಮೆ. ನನಗೆ ಇದು ತಡೆಯಲಾಗಲಿಲ್ಲ. ಕೋಟಿಗಟ್ಟಲೆ ತಯಾರಾಗುವ ಕಾರು ಮಾರಿದ ದುಡ್ಡು ಇನ್ನು ಮುಂದೆ ಇಲ್ಲಿ ತಯಾರಾಗಿ ಇಲ್ಲೇ ಕಳೆದುಹೋಗುತ್ತಿರುವ ಆಟಿಕೆಗೆ ಹೋಗಬೇಕು ಅಂತ ಆಗಲೇ ನಿರ್ಧಾರ ಮಾಡಿದೆ. ಕರಾವಳಿಯಲ್ಲಂತೂ ಕಾಯುವಂತಿಲ್ಲ. ಒಂದೊಂದು ಮಳೆಗಾಲಕ್ಕೂ ಎಲ್ಲೋ ಒಂದು ಟ್ರಂಕಿನಲ್ಲಿ ಒಂದು ಕಾರು ತುಕ್ಕಾಗುತ್ತಿರುತ್ತದೆ.

ಸಿಕ್ಕಿದ್ದು ನಮ್ಮ ಅಂಗಡಿಯಿಂದಲೇ. ಕೌಂಟರಿನ ಮೇಲೆ ನಾನೊಂದು ಪುಟ್ಟ ಕಾರು ಇಟ್ಟಿರುತ್ತೇನೆ. ಕನ್ನಡಕ ಮಾಡಿಸಲು ಬಂದ ಒಬ್ಬ ಮೇಷ್ಟ್ರು ಅದನ್ನು ಕೈಗೆತ್ತಿಕೊಂಡು, "ನಮ್ಮ ಶಿರಸಿ ಮನೆಯಲ್ಲಿ ಇದಕ್ಕಿಂತ ದೊಡ್ಡದೊಂದಿದೆ. ಅಣ್ಣಯ್ಯನದು. ಭಾರ ಇದೆ" ಅಂದರು. ತಳದ ಫೋಟೋ ಕಳಿಸಿ ಅಂತ ಕೇಳಿಕೊಂಡೆ. ಮುಂದಿನ ವಾರ ವಾಟ್ಸಾಪ್‌ನಲ್ಲಿ ಬಂತು. ಮಸಿ ಹಿಡಿದ ತಳ. ದೊಡ್ಡದು ಮಾಡಿ ನೋಡಿದೆ. ನಿಕಿ ಅನ್ನುವ ಅಕ್ಷರ, ಫೋಕ್ಸ್‌ವ್ಯಾಗನ್ 1500. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಚಾಲಿ ಅಡಿಕೆ ಒಣಗುವ ದಿನಗಳು. ಕುಮಟೆಗೆ ಹೋಗಿ, ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರಿದೆ. ಅಲ್ಲಿಂದ ಸಿದ್ದಾಪುರ ರಸ್ತೆಯಲ್ಲಿ ಸ್ವಲ್ಪ ದೂರ. ಮೇಷ್ಟ್ರು ರಸ್ತೆಗೇ ಬಂದು ನಿಂತಿದ್ದರು. ಅಂಗಳದ ತುಂಬ ಅಡಿಕೆ, ಕಾಲಿಡಲು ಜಾಗ ಇಲ್ಲ. ಜಗಲಿಯಲ್ಲಿ ಮೇಷ್ಟ್ರ ಅಣ್ಣಯ್ಯ, ಮನೆಯ ಯಜಮಾನರು ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಮೊದಲು ಕಷಾಯ ಬಂತು, ಆಮೇಲೆ ತೊಡೆದೇವು ಬಂತು. ಕಾರು ಮಾತ್ರ ಬರಲಿಲ್ಲ. ಯಾವೂರು, ಯಾರ ಪೈಕಿ, ಕನ್ನಡಕದ ಅಂಗಡಿಯಲ್ಲಿ ಎಷ್ಟು ವರ್ಷ, ಎಲ್ಲ ವಿಚಾರಿಸಿದ ಮೇಲೆ ಅವರೇ ಎದ್ದು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದನ್ನು ತಂದರು.

ಅವರ ದೊಡ್ಡಪ್ಪ ಮುಂಬಯಿಯ ಹೋಟೆಲಿನಲ್ಲಿ ಇದ್ದರಂತೆ. ರಜೆಗೆ ಬರುವಾಗ ಇವರಿಗೆ ಅಂತ ತಂದದ್ದು. ಇವರು ಆಗ ಹೈಸ್ಕೂಲು ಸೇರುವ ಹುಡುಗ, ಆಡುವ ವಯಸ್ಸು ದಾಟುತ್ತಿತ್ತು. ತಮ್ಮಂದಿರ ಕೈಗೆ ಕೊಡದೆ ಟ್ರಂಕಿನಲ್ಲಿಟ್ಟರು. ಆ ಟ್ರಂಕು ಒಲೆಯ ಮೇಲಿನ ಅಟ್ಟದಲ್ಲಿ ಇತ್ತು. "ಅಲ್ಲಿ ಹೊಗೆ ಮುಟ್ಟದ ಸಾಮಾನೇ ಇಲ್ಲ. ಹುಳನೂ ಬರೂದಿಲ್ಲ, ತಂಪೂ ಬರೂದಿಲ್ಲ" ಅಂದರು. ಅದು ಸರಿಯೇ ಇರಬೇಕು. ಕಾರಿನ ಮೇಲೆ ಮಸಿಯ ತೆಳು ಪದರ ಇತ್ತು. ತುಕ್ಕು ಹೆಚ್ಚುಕಡಿಮೆ ಇರಲೇ ಇಲ್ಲ. ಇದೇ ಕಾರು ಐವತ್ತು ವರ್ಷ ಕಾರವಾರದಲ್ಲಿ ಇದ್ದಿದ್ದರೆ ಕಡ್ಡಿ ಪುಡಿಯಾಗಿರುತ್ತಿತ್ತು.

ಅಂಗಡಿಯಿಂದ ತಂದಿದ್ದ ಭೂತಗನ್ನಡಿ ತೆಗೆದು ನೋಡಿದೆ. ನೋಡುವುದು ಇವಿಷ್ಟನ್ನು. ತಳವನ್ನು ಮೈಗೆ ಹಿಡಿದಿರುವ ರಿವೆಟ್‌ಗಳು ಮೂಲದವೇ ಅಥವಾ ಕೊರೆದು ಮತ್ತೆ ಅಂಟಿಸಿದ್ದೇ? ಬಣ್ಣ ಕಾರ್ಖಾನೆಯದ್ದೇ ಅಥವಾ ಮೇಲೆ ಬಳಿದದ್ದೇ? ಬಳಿದಿದ್ದರೆ ಬಾಗಿಲ ಸಂದಿಯಲ್ಲಿ, ತಳದ ಅಂಚಿನಲ್ಲಿ ಗೊತ್ತಾಗಿಬಿಡುತ್ತದೆ. ಟೈರು ಒಣಗಿ ಬಿರುಕು ಬಿಟ್ಟಿತ್ತು, ಅದು ಸಹಜ. ಬಂಪರ್ ಮೇಲೆ, ಛಾವಣಿಯ ಅಂಚಿನಲ್ಲಿ ಬಣ್ಣ ಹೋಗಿತ್ತು. ಪೆಟ್ಟಿಗೆ ಇರಲಿಲ್ಲ. ಉಳಿದದ್ದೆಲ್ಲ ಮೂಲದ್ದು.

"ಇದಕ್ಕೆ ಎಂತ ಬೆಲೆ ಬರ್ತದೆ ತಂಗಿ?" ಅಂತ ಕೇಳಿದರು.

ಈ ಪ್ರಶ್ನೆಗೆ ಏನು ಹೇಳಬೇಕು ಅಂತ ಬಸ್ಸಿನಲ್ಲೇ ಯೋಚಿಸಿದ್ದೆ. ನಮ್ಮಲ್ಲಿ ಕೆಲವರು ಹಳ್ಳಿಮನೆಗೆ ಹೋಗಿ ಐನೂರಕ್ಕೆ ಎತ್ತಿಕೊಂಡು ಬಂದದ್ದನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದು ಕೇಳಲೂ ಆಗುವುದಿಲ್ಲ. ಅಂಗಡಿಯಲ್ಲಿ ಬೆಲೆ ಅಚ್ಚಾಗಿರುವ ಕಾರನ್ನು ಕೊಂಡು ಜಾಸ್ತಿಗೆ ಮಾರುವುದು ಬೇರೆ. ಅಲ್ಲಿ ಅಂಗಡಿಯವನಿಗೆ ಸಿಗಬೇಕಾದದ್ದು ಸಿಕ್ಕಿರುತ್ತದೆ. ಇದು ಒಬ್ಬರ ಬಾಲ್ಯದ ಸಾಮಾನು. ಬೆಲೆ ಗೊತ್ತಿಲ್ಲದವರ ಹತ್ತಿರ ಗೊತ್ತಿದ್ದೂ ಸುಮ್ಮನಿರುವುದು ಮೋಸವೇ. ಅದಕ್ಕೆ ಫೋನಿನಲ್ಲಿ ಉಳಿಸಿಟ್ಟುಕೊಂಡಿದ್ದ ಹಿಂದಿನ ಮಾರಾಟಗಳನ್ನು ತೋರಿಸಿದೆ. ಪೆಟ್ಟಿಗೆ ಇರುವುದು ಎಷ್ಟಕ್ಕೆ ಹೋಯಿತು, ಇಲ್ಲದ್ದು ಎಷ್ಟಕ್ಕೆ, ಬಣ್ಣ ಹೋದದ್ದು ಎಷ್ಟಕ್ಕೆ. "ನಾನು ಒಂಬತ್ತು ಸಾವಿರ ಕೊಡಬಲ್ಲೆ. ಕಾದರೆ ಇನ್ನೊಂದೆರಡು ಸಾವಿರ ಜಾಸ್ತಿ ಕೊಡುವವರು ಸಿಗಬಹುದು. ನಾನು ಇದನ್ನು ಮಾರುವುದಿಲ್ಲ. ಎಂದಾದರೂ ಕೊಡಲೇಬೇಕಾಗಿ ಬಂದರೆ ಮೊದಲು ನಿಮ್ಮ ಮನೆಗೇ ಫೋನ್ ಮಾಡುತ್ತೇನೆ" ಅಂದೆ.

ಅವರು ಒಳಗಿನ ಕಡೆ ತಿರುಗಿ, "ಕೊಟ್ರೆ ಅಡ್ಡಿಲ್ಯನೇ?" ಅಂತ ಕೇಳಿದರು.

"ಮೊಮ್ಮಗ ಬಂದು ಕೇಳಿರೆ ಎಂತ ಹೇಳ್ತ್ರಿ?" ಅಂತ ಒಳಗಿನಿಂದ ಬಂತು.

ಆ ದಿನ ಅವರು ಏನೂ ನಿರ್ಧಾರ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಹೊರಡುವಾಗ ಮುರುಗಲ ಹಣ್ಣಿನ ಸಿಪ್ಪೆಯ ಪೊಟ್ಟಣ ಕೈಗೆ ಕೊಟ್ಟರು. ಕಾರು ಬರೀ ನೋಡಿದ್ದೇ ಸಾಕು ಅಂತ ನಿಜಕ್ಕೂ ಅನ್ನಿಸಿತ್ತು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ತಳದ ಅಕ್ಷರ, ಬಣ್ಣ, ರಿವೆಟ್ಟಿನ ಆಕಾರ ಎಲ್ಲ ಬರೆದುಕೊಂಡೆ. ಸಿಗಲಿ ಬಿಡಲಿ, ಶಿರಸಿಯಲ್ಲಿ ಇಂಥದೊಂದಿದೆ ಅಂತ ಎಲ್ಲಾದರೂ ದಾಖಲಾಗಬೇಕು.

ಕೆಲವು ವಾರ ಕಳೆದ ಮೇಲೆ ಫೋನ್ ಬಂತು. ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಅವನ ಎದುರು ಕಾರು ಇಟ್ಟು ಕೇಳಿದರಂತೆ. ಅವನಿಗೆ ಬಾಗಿಲು ತೆಗೆಯದ ಹಳೆ ಕಾರು ಬೇಡ, ಹೊಸ ಸ್ಪೋರ್ಟ್ಸ್ ಕಾರು ಬೇಕು. "ನೀವು ಬನ್ನಿ. ಅವನಿಗೊಂದು ನಿಮ್ಮ ಹತ್ರ ಇರೂದು ತನ್ನಿ" ಅಂದರು. ನನ್ನ ಹತ್ತಿರ ಮಾರಲು ಇಟ್ಟಿದ್ದ ಕೆಂಪು ಸ್ಕೈಲೈನ್ ಒಂದು ಇತ್ತು. ಅದನ್ನೇ ತೆಗೆದುಕೊಂಡು ಹೋದೆ. ಹುಡುಗ ನನ್ನ ಕಣ್ಣೆದುರೇ ಕಾರ್ಡು ಹರಿದು ಅಡಿಕೆ ರಾಶಿಯ ಮೇಲೆ ಓಡಿಸಿದ. ಅಷ್ಟು ಚೆನ್ನಾಗಿ ಬಳಕೆಯಾದ ಸ್ಕೈಲೈನ್ ನಾನು ಬೇರೆ ನೋಡಿಲ್ಲ.

ಯಜಮಾನರು ಸೊಸೈಟಿ ಖಾತೆಯ ನಂಬರ್ ಕೊಟ್ಟರು. ಒಂಬತ್ತು ಸಾವಿರ ಅಲ್ಲೇ ಕೂತು ಕಳಿಸಿದೆ. ಆಮೇಲೆ ಇನ್ನೊಂದು ಕೇಳಿದೆ. ಈ ಕಾರು ಯಾರು ತಂದದ್ದು, ಎಲ್ಲಿಂದ, ಯಾವಾಗ, ಎಲ್ಲಿಟ್ಟಿದ್ದಿರಿ, ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಡುತ್ತೀರಾ? ಅವರಿಗೆ ಖುಷಿಯಾಯಿತು. ಒಳಗಿನಿಂದ ಪೆನ್ನು ತರಿಸಿ ಒಂದು ಹಾಳೆ ಅಂದದ್ದಕ್ಕೆ ಎರಡೂವರೆ ಹಾಳೆ ಬರೆದರು. ದೊಡ್ಡಪ್ಪ ಯಾವ ಬಸ್ಸಿನಲ್ಲಿ ಬಂದರು, ಬರುವಾಗ ಇನ್ನೇನೇನು ತಂದರು, ಯಾವ ತಮ್ಮ ಕಾರಿಗಾಗಿ ಅತ್ತ, ಎಲ್ಲ ಅದರಲ್ಲಿದೆ. ಈ ಹಾಳೆಗಳು ಇಲ್ಲದಿದ್ದರೆ ಕಪಾಟಿನಲ್ಲಿರುವುದು ಬರೀ ಒಂದು ಹಳೆಯ ಕಾರು. ಹೊರಗೆ ಎಷ್ಟೋ ನಿಕಿ ಕಾರುಗಳು ಮಾರಾಟವಾಗುತ್ತವೆ, ಒಂದರ ಹಿಂದೆಯೂ ಮನೆಯ ಹೆಸರು ಇರುವುದಿಲ್ಲ. ಕೊಳ್ಳುವವರೆಲ್ಲ ಇದನ್ನು ಕೇಳಿ ಬರೆಸಿಕೊಳ್ಳಿ ಅಂತ ಕೈಮುಗಿದು ಹೇಳುತ್ತೇನೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮನೆಗೆ ತಂದ ಮೇಲೆ ಮಾಡಿದ್ದು ಬಹಳ ಕಡಿಮೆ. ಒಣ ಮೆತ್ತನೆಯ ಕುಂಚದಿಂದ ಧೂಳು ತೆಗೆದೆ. ಮಸಿಯನ್ನು ಸ್ವಲ್ಪವೇ ಒದ್ದೆ ಮಾಡಿದ ಹತ್ತಿಯಿಂದ ಒರೆಸಿ ತಕ್ಷಣ ಒಣಗಿಸಿದೆ. ಬಣ್ಣ ಹೋದ ಕಡೆ ಬಣ್ಣ ಹಚ್ಚಲಿಲ್ಲ. ಹೊಸ ಬಣ್ಣ ಹಚ್ಚಿದರೆ ಹೊಳೆಯುತ್ತದೆ, ಆದರೆ ಐವತ್ತು ವರ್ಷ ಅಳಿಸಿಹೋಗುತ್ತದೆ. ಬೆಲೆಯೂ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಆಮೇಲಿನ ಮಾತು. ಟೈರುಗಳಿಗೆ ಹೊಸ ನಕಲು ಸಿಗುತ್ತದೆ, ಹಾಕಲಿಲ್ಲ. ರಬ್ಬರ್ ಪ್ಲಾಸ್ಟಿಕ್ಕಿಗೆ ತಾಗಿಕೊಂಡು ವರ್ಷಗಟ್ಟಲೆ ಇದ್ದರೆ ಪ್ಲಾಸ್ಟಿಕ್ ಕರಗಿದ ಹಾಗೆ ಆಗುತ್ತದೆ. ಅದಕ್ಕೆ ಗಾಜಿನ ಮೇಲೆ, ಚಕ್ರಕ್ಕೆ ಭಾರ ಬೀಳದಂತೆ ತಳಕ್ಕೆ ಸಣ್ಣ ಆಧಾರ ಕೊಟ್ಟು ಇಟ್ಟಿದ್ದೇನೆ.

ಇದಾದ ಮೇಲೆ ಖರೀದಿಗಳು ಒಂದರ ಹಿಂದೊಂದು ಬಂದವು. ಮಡಗಾಂವ್‌ನ ಹಳೇ ಸಾಮಾನಿನವರಿಂದ ಫನ್‌ಸ್ಕೂಲ್‌ನ ಎರಡು ಸೈನಿಕರು. ಒಬ್ಬನಿಗೆ ಬಂದೂಕು ಇಲ್ಲ, ಆದರೂ ಕೊಂಡೆ. ಅಂಕೋಲೆಯ ಒಂದು ಮನೆಯಿಂದ ಲಿಯೋ ಕಾರು, ಕಾರ್ಡ್ ಇಲ್ಲದ್ದು. ಉಪ್ಪುಗಾಳಿಗೆ ಅದರ ಕಡ್ಡಿ ಕೆಂಪಾಗಿದೆ. ಅದು ಇನ್ನೂ ಹಾಳಾಗದಂತೆ ನಿಲ್ಲಿಸಿದ್ದು ಆ ಹದಿನೆಂಟು ಸಾವಿರದ ಯಂತ್ರವೇ. ಮಾರಿಕಾಂಬಾ ಜಾತ್ರೆಯಲ್ಲಿ ತಗಡಿನ ಪಟಪಟ ದೋಣಿ ಕೂಡ ತೆಗೆದುಕೊಂಡೆ. ಸಣ್ಣ 'ಬತ್ತಿ' ಹಚ್ಚಿದರೆ ಒಳಗಿನ ನೀರು ಕುದಿದು ಹಬೆ ನೀರನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಈ ಆಟಿಕೆಗೆ ಇಂಗ್ಲೆಂಡಿನಲ್ಲಿ 1891ರಲ್ಲೇ ಪೇಟೆಂಟ್ ಆಗಿದೆ. ಜಾತ್ರೆಯಲ್ಲಿ ಅದಕ್ಕೆ ನೂರು ರೂಪಾಯಿಯೂ ಇಲ್ಲ. ಮಾಡುವವರು ಕಡಿಮೆಯಾಗುತ್ತಿದ್ದಾರೆ ಅಂತ ಅಂಗಡಿಯವರೇ ಹೇಳಿದರು. ಎರಡು ಕೊಂಡೆ, ಒಂದನ್ನು ಬಾಲ್ದಿಯಲ್ಲಿ ಓಡಿಸುತ್ತೇನೆ.

ಈಗ ನೋಟ್‌ಬುಕ್ಕಿನಲ್ಲಿ ಆರು ಸಾವಿರ ಇದೆ. ಹಳಿಯಾಳ ಕಡೆಯ ಒಬ್ಬರ ಮನೆಯಲ್ಲಿ ಲಿಯೋ ಕಾರುಗಳು ಕಾರ್ಡ್ ಸಹಿತ ಇವೆ ಅಂತ ಸುದ್ದಿ ಬಂದಿದೆ. ಫೋಟೋದಲ್ಲಿ ಕಾರ್ಡು ಬಾಗಿದೆ, ಗುಳ್ಳೆ ಹಳದಿಯಾಗಿದೆ, ಆದರೆ ಬಿಚ್ಚಿಲ್ಲ. ಅವರು ಕೇಳುತ್ತಿರುವುದು ಹದಿನೈದು ಸಾವಿರ. ಬೆಲೆ ನ್ಯಾಯವಾಗಿಯೇ ಇದೆ, ಚೌಕಾಸಿ ಮಾಡುವುದಿಲ್ಲ. ಮಡಗಾಂವ್‌ನ ಅಂಗಡಿಗೆ ಹೊಸ ಪೆಟ್ಟಿಗೆ ಬರುವುದಿದೆ. ಮಳೆ ಹಿಡಿಯುವ ಮೊದಲು ಒಂದಿಷ್ಟು ಸುಪ್ರಾ, ಸಿವಿಕ್ ಮಾರಿ ಉಳಿದದ್ದನ್ನು ಹೊಂದಿಸಬೇಕು. ಅಲ್ಲಿಯವರೆಗೆ ಆ ಕಾರುಗಳನ್ನು ಗಾಳಿಯಾಡದ ಡಬ್ಬದಲ್ಲಿ ಇಡಿ ಅಂತ ಸಿಲಿಕಾ ಜೆಲ್‌ನ ಎರಡು ಪೊಟ್ಟಣ ಅವರಿಗೆ ಅಂಚೆಯಲ್ಲಿ ಕಳಿಸಿದ್ದೇನೆ.